ಚಿನ್ನ ಕೂರುವ ಮುನ್ನ

ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರ ಬರೆಯುವವರ ಮನೆಗೆ ಚಿನ್ನದ ರೇಕು ಹಚ್ಚುವ ದಿನ ಹೋದರೆ ಕೋಣೆಯ ಫ್ಯಾನು ನಿಂತಿರುತ್ತದೆ. ಏಪ್ರಿಲ್ ತಿಂಗಳ ಸೆಕೆಯಿದ್ದರೂ ಅಷ್ಟೇ. ಕಿಟಕಿಯೂ ಮುಚ್ಚಿರುತ್ತದೆ. ಮಾತು ಕಡಿಮೆ, ಸೀನು ಬಂದರೆ ಎದ್ದು ಹೊರಗೆ ಹೋಗಬೇಕು. ಪುಟ್ಟ ಪುಸ್ತಕದ ಹಾಳೆಗಳ ನಡುವೆ ಮಲಗಿರುವ ಆ ರೇಕು ಅಷ್ಟು ತೆಳು; ಉಸಿರು ತಾಗಿದರೂ ಮುದುಡಿಕೊಳ್ಳುತ್ತದೆ, ಬೆರಳು ತಾಗಿದರೆ ಬೆರಳಿಗೇ ಅಂಟಿಕೊಂಡು ಹಾಳಾಗುತ್ತದೆ.

ನೋಡಲು ಬಂದವರಿಗೆ ಇದೇ ದೊಡ್ಡ ಸಡಗರ. ಬರೆಯುವವರಿಗೆ ಮಾತ್ರ ಅಂದಿಗೆ ಕಷ್ಟದ ಕೆಲಸವೆಲ್ಲ ಮುಗಿದಿರುತ್ತದೆ. ಚಿತ್ರ ಕೊಳ್ಳಲು ಬಂದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ‘ಇದರಲ್ಲಿರುವುದು ನಿಜವಾದ ಚಿನ್ನವೇ?’ ಎಂಬುದು. ನ್ಯಾಯವಾದ ಪ್ರಶ್ನೆಯೇ. ಆದರೆ ಕಲಾವಿದರ ದಿನಗಳು ಖರ್ಚಾಗುವುದು ಆ ಚಿನ್ನದ ಕೆಳಗೆ, ಯಾರೂ ಕೇಳದ ಜಾಗದಲ್ಲಿ.

ದಿನ ಶುರುವಾಗುವುದು ಅಂಟಿನಿಂದ. ನೆನೆಸಿಟ್ಟ ಗೋಂದನ್ನು ತೆಳು ಬಟ್ಟೆಯಲ್ಲಿ ಸೋಸಿ, ಕಸ ಕಡ್ಡಿ ಉಳಿಯದಂತೆ ನೋಡಿಕೊಂಡು, ಅಂದಂದಿಗೆ ಬೇಕಾದಷ್ಟನ್ನೇ ಬಟ್ಟಲಿಗೆ ಹಾಕಿಕೊಳ್ಳುತ್ತಾರೆ. ಹಿಂದೆ ಬಣ್ಣವೂ ಮನೆಯಲ್ಲೇ ಆಗಬೇಕಿತ್ತು. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ದೀಪದ ಕಾಡಿಗೆ, ಬಿಳಿಗೆ ಸಫೇದ. ಒಂದೊಂದನ್ನೂ ಅರೆದು, ತೊಳೆದು, ಮತ್ತೆ ಅರೆದು ನುಣುಪು ಮಾಡಬೇಕು. ರೇಖೆ ಎಳೆಯಲು ಪೆನ್ಸಿಲ್ ಇಲ್ಲದ ಕಾಲದಲ್ಲಿ ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಸುಟ್ಟು ಇದ್ದಿಲ ಕಡ್ಡಿ ಮಾಡಿಕೊಳ್ಳುತ್ತಿದ್ದರು. ಕುಂಚಕ್ಕೆ ಅಳಿಲಿನ, ಮೇಕೆಯ, ಒಂಟೆಯ ಕೂದಲು. ಅದಕ್ಕೂ ಸಿಗದಷ್ಟು ಸಣ್ಣ ಗೆರೆಗೆ ಒಂದು ಬಗೆಯ ಚೂಪು ಹುಲ್ಲಿನ ಎಸಳು.

ಈಗ ಬಹುತೇಕರ ಮೇಜಿನ ಮೇಲಿರುವುದು ಅಂಗಡಿಯ ಜಲವರ್ಣದ ಟ್ಯೂಬು, ಸೊನ್ನೆ ನಂಬರಿನ ಕುಂಚ. ಇದರಿಂದ ಕಲೆ ಕೆಟ್ಟಿತು ಎಂದು ಗೊಣಗುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಅರದಾಳದಲ್ಲಿರುವುದು ಆರ್ಸೆನಿಕ್, ಇಂಗಳೀಕದಲ್ಲಿರುವುದು ಪಾದರಸ, ಹಳೆಯ ಸಫೇದದಲ್ಲಿದ್ದದ್ದು ಸೀಸ. ಕುಂಚದ ತುದಿಯನ್ನು ತುಟಿಗೆ ತಾಗಿಸಿ ಚೂಪು ಮಾಡಿಕೊಳ್ಳುವ ಅಭ್ಯಾಸವಿದ್ದವರ ಮೈಯೊಳಗೆ ವರ್ಷಗಟ್ಟಲೆ ಇವು ಏನು ಮಾಡಿರಬಹುದೆಂದು ಯೋಚಿಸಿದರೆ, ಟ್ಯೂಬಿನ ಬಣ್ಣಕ್ಕೆ ಕೈಮುಗಿಯಬೇಕೆನಿಸುತ್ತದೆ. ಸೀಸದ ಬಿಳಿಯ ಜಾಗಕ್ಕೆ ಸತುವಿನ ಬಿಳಿ, ಅಂದರೆ ಜಿಂಕ್ ಆಕ್ಸೈಡ್, ಬಂದದ್ದು ಒಳ್ಳೆಯದೇ ಆಯಿತು.

ಬಣ್ಣ ತುಂಬುವುದಕ್ಕೊಂದು ಕ್ರಮವಿದೆ. ಮೊದಲು ಆಕಾಶ, ಬೆಟ್ಟ, ನದಿ, ಹಿನ್ನೆಲೆಯ ಮರಗಳು. ಆಮೇಲೆ ಪ್ರಾಣಿಗಳು, ಮನುಷ್ಯರು, ದೇವತೆಗಳು, ಸದ್ಯಕ್ಕೆ ಆಕಾರವಷ್ಟೇ. ಮುಖ, ಉಡುಗೆ, ಒಡವೆಗಳ ವಿವರ ಕಡೆಗೆ. ಕಣ್ಣನ್ನು ಕೊಟ್ಟಕೊನೆಗೆ ಇಟ್ಟುಕೊಳ್ಳುವವರೂ ಇದ್ದಾರೆ. ಬಣ್ಣಗಳು ಕೂಗುವುದಿಲ್ಲ, ಹದವಾದ ಹಸಿರು, ಗಾಢ ಕೆಂಪು, ಮಂಕು ನೀಲಿ.

ಇನ್ನು ಜೆಸ್ಸೊ, ಅಂದರೆ ಚಿನ್ನದ ಕೆಳಗಿನ ಉಬ್ಬು ಲೇಪ. ಈ ಕಲೆಯ ಪ್ರಾಣ ಇಲ್ಲಿದೆ. ಸಫೇದದ ಪುಡಿ, ಗೋಂದು, ರೇವಲ್‌ಚಿನ್ನಿ ಹಾಲು ಮೂರನ್ನೂ ಕಲಸಿ ಅರೆದರೆ ಹಳದಿ ಬಣ್ಣದ ಲೇಪ ಸಿಗುತ್ತದೆ. ರೇವಲ್‌ಚಿನ್ನಿ ಹಾಲು ಎನ್ನುವುದು ಮುರುಗಲಿನ ಜಾತಿಗೆ ಸೇರಿದ ಮರಗಳಿಂದ ಒಸರುವ ಹಳದಿ ಅಂಟು. ಲೇಪಕ್ಕೆ ಹಿಡಿತ ಕೊಡುವುದು ಅದರ ಒಂದು ಕೆಲಸ. ಇನ್ನೊಂದು ಕೆಲಸ ಗುಟ್ಟಿನದು: ಚಿನ್ನದ ರೇಕಿನಲ್ಲಿ ಎಲ್ಲಾದರೂ ಕಣ್ಣಿಗೆ ಕಾಣದಷ್ಟು ಬಿರುಕು ಬಿಟ್ಟರೆ ಕೆಳಗಿನಿಂದ ಇಣುಕುವುದು ಬಿಳಿಯಲ್ಲ, ಹಳದಿ. ಹಾಗಾಗಿ ಚಿನ್ನ ಎಲ್ಲೂ ಹರಿದಂತೆ ಕಾಣುವುದಿಲ್ಲ.

ಈ ಲೇಪವನ್ನು ಕುಂಚದ ತುದಿಯಲ್ಲಿ ಎತ್ತಿ ದೇವಿಯ ಕಿರೀಟದ ಮೇಲೆ, ತೋಳಬಂದಿಯ ಮೇಲೆ, ಸೀರೆಯಂಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಾರೆ. ಒಂದು ಪದರ ಇಟ್ಟು, ಒಣಗಲು ಬಿಟ್ಟು, ಅದರ ಮೇಲೆ ಇನ್ನೊಂದು. ನೀರು ಹೆಚ್ಚಾದರೆ ಚುಕ್ಕಿ ಹರಡಿ ಪಕ್ಕದ ಚುಕ್ಕಿಗೆ ಸೇರಿಕೊಳ್ಳುತ್ತದೆ. ಗೋಂದು ಹೆಚ್ಚಾದರೆ ಒಣಗಿದ ಮೇಲೆ ಸೀಳುತ್ತದೆ, ಕಡಿಮೆಯಾದರೆ ಉದುರುತ್ತದೆ. ಸರಿಯಾದ ಹದಕ್ಕೆ ಅಳತೆ ಚಮಚವಿಲ್ಲ. ಕುಂಚ ಎತ್ತಿದಾಗ ಲೇಪ ಎಳೆ ಬಿಡುವ ರೀತಿ ನೋಡಿ ತಿಳಿದುಕೊಳ್ಳಬೇಕು. ಮಳೆಗಾಲದಲ್ಲಿ ಇದೇ ಪದರ ಒಣಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಒಪ್ಪಿಕೊಂಡ ತಾರೀಕು ಮುಂದೆ ಹೋಗುತ್ತದೆ. ಒಂದು ಒಣಗುತ್ತಿರುವಾಗ ಇನ್ನೊಂದು ಹಲಗೆಯ ಮೇಲೆ ಆಕಾಶ ಬಳಿಯುವುದು, ಮತ್ತೊಂದಕ್ಕೆ ರೇಖೆ ಎಳೆಯುವುದು ಹೀಗೆ ಕೆಲಸ ಸಾಗುತ್ತದೆ.

ಜೆಸ್ಸೊ ಪೂರ್ತಿ ಒಣಗಿದ ಮೇಲೆ ಅಂಟು ಸವರಿ ರೇಕು ಕೂರಿಸಿ, ಮೇಲೊಂದು ತೆಳು ಕಾಗದ ಹೊದಿಸಿ, ನುಣುಪಾದ ಕಲ್ಲಿನಿಂದ ಮೆಲ್ಲಗೆ ಉಜ್ಜುತ್ತಾರೆ. ಕಾಗದ ಎತ್ತಿದಾಗ ಚಿನ್ನ ಕೆಳಗಿನ ಒಂದೊಂದು ಚುಕ್ಕಿಯ ಆಕಾರವನ್ನೂ ಹಿಡಿದಿರುತ್ತದೆ. ಕೆಳಗಿನ ತಪ್ಪನ್ನೂ ಹಾಗೆಯೇ ಹಿಡಿದಿರುತ್ತದೆ. ಹೆಚ್ಚುವರಿ ರೇಕನ್ನು ಒಣ ಕುಂಚದಿಂದ ಗುಡಿಸಿ, ಅಂಚಿಗೆ ಕೂದಲೆಳೆಯ ಕೆಂಪು ಇಲ್ಲವೆ ಕಪ್ಪು ಗೆರೆ ಎಳೆದರೆ ಒಡವೆ ಮುಗಿಯಿತು.

ತಂಜಾವೂರು ಚಿತ್ರಕ್ಕೂ ಮೈಸೂರು ಚಿತ್ರಕ್ಕೂ ಇರುವ ವ್ಯತ್ಯಾಸ ಇಲ್ಲೇ. ತಂಜಾವೂರಿನವರು ಲೇಪವನ್ನು ದಪ್ಪವಾಗಿ ಎಬ್ಬಿಸಿ, ಕಲ್ಲು ಕೂರಿಸಿ, ದೂರದಿಂದಲೇ ಕಣ್ಣು ಕೋರೈಸುವಂತೆ ಮಾಡುತ್ತಾರೆ. ಮೈಸೂರಿನದು ಕಾಗದದಿಂದ ಎದ್ದಿದೆಯೋ ಇಲ್ಲವೋ ಎಂಬಷ್ಟು ಉಬ್ಬು. ಇದು ಹೆಚ್ಚು, ಅದು ಕಡಿಮೆ ಎಂಬ ಮಾತಲ್ಲ. ಆದರೆ ದಪ್ಪ ಲೇಪದಲ್ಲಿ ಸಣ್ಣ ತಪ್ಪು ಅಡಗಿಕೊಳ್ಳುತ್ತದೆ, ತೆಳು ಲೇಪದಲ್ಲಿ ಅಡಗಲು ಜಾಗವಿಲ್ಲ. ಮೈಸೂರಿನ ಕೈಗೆ ನನ್ನ ಪಕ್ಷಪಾತ ಅದಕ್ಕೇ.

ಸ್ಫೂರ್ತಿ ಎಲ್ಲಿಂದ ಎಂದು ಇಂದಿನ ಕಲಾವಿದರನ್ನು ಕೇಳುವುದು ವಾಡಿಕೆ. ಈ ಪರಂಪರೆಯಲ್ಲಿ ಅದಕ್ಕೆ ನೇರ ಉತ್ತರವಿದೆ: ಧ್ಯಾನಶ್ಲೋಕ. ಯಾವ ದೇವತೆಗೆ ಎಷ್ಟು ಕೈ, ಯಾವ ಕೈಯಲ್ಲಿ ಏನು, ಮೈಬಣ್ಣ ಯಾವುದು, ಪೀಠವೇನು, ವಾಹನವೇನು ಎಲ್ಲವೂ ಅದರಲ್ಲಿದೆ. ಬರೆಯುವವರು ಅದನ್ನು ಓದಿಕೊಂಡು, ಮನಸ್ಸಿನಲ್ಲಿ ಮೂರ್ತಿಯನ್ನು ನಿಲ್ಲಿಸಿಕೊಂಡು ಇದ್ದಿಲು ಹಿಡಿಯಬೇಕು. ಹಾಗಾದರೆ ಸ್ವಂತದ್ದೇನು ಉಳಿಯಿತು? ಸಾಕಷ್ಟು ಉಳಿಯುತ್ತದೆ. ಶ್ಲೋಕ ಮೋಡದ ಬಗ್ಗೆ ಏನೂ ಹೇಳುವುದಿಲ್ಲ, ಮಂಟಪದ ಕಂಬದ ಬಗ್ಗೆ, ಪರದೆಯ ಮಡಿಕೆಯ ಬಗ್ಗೆ, ಹಿಂದೆ ನಿಂತ ಮರದ ಜಾತಿಯ ಬಗ್ಗೆ ಹೇಳುವುದಿಲ್ಲ. ರಾಮ ಪಟ್ಟಾಭಿಷೇಕದಲ್ಲಿ ಸೀತೆ ಎಲ್ಲಿ, ಹನುಮಂತ ಎಲ್ಲಿ ಎಂಬುದು ಮೊದಲೇ ತೀರ್ಮಾನವಾಗಿದೆ. ಗುಂಪಿನಲ್ಲಿ ನಿಂತ ವಾನರರಲ್ಲಿ ಯಾರು ಯಾರತ್ತ ತಿರುಗಿ ನೋಡುತ್ತಿದ್ದಾರೆ ಎಂಬುದು ಬರೆಯುವವರ ಕೈಯಲ್ಲಿದೆ. ಇನ್ನು ಮುಖ. ಒಂದೇ ಶ್ಲೋಕ, ಒಂದೇ ಅಳತೆ, ಆದರೂ ಇಬ್ಬರು ಬರೆದ ರಾಜರಾಜೇಶ್ವರಿಯ ಮುಖ ಒಂದೇ ಆಗುವುದಿಲ್ಲ. ಪಳಗಿದವರು ಸಹಿ ನೋಡದೆಯೇ ಇದು ಇಂಥವರ ಕೈ ಎಂದು ಹೇಳಬಲ್ಲರು.

ಈ ಶ್ಲೋಕಗಳನ್ನೂ ಚಿತ್ರಗಳನ್ನೂ ಒಂದೆಡೆ ಕೂಡಿಸಿದ ಗ್ರಂಥ ‘ಶ್ರೀತತ್ತ್ವನಿಧಿ’. ಅದರ ಹಿಂದಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. ವಿಜಯನಗರದ ಪತನದ ಬಳಿಕ ಚೆದುರಿದ ಚಿತ್ರಗಾರರ ಕುಟುಂಬಗಳಿಗೆ ಶ್ರೀರಂಗಪಟ್ಟಣದ ಅರಸರು ಆಶ್ರಯ ಕೊಟ್ಟರು ಎಂಬಲ್ಲಿಂದ ಮೈಸೂರು ಶೈಲಿಯ ಕಥೆ ಶುರುವಾಗುತ್ತದಾದರೂ, ಅದು ತುಂಬಿ ಅರಳಿದ್ದು ಮುಮ್ಮಡಿಯವರ ಕಾಲದಲ್ಲಿ. 1799ರಲ್ಲಿ ಐದರ ಹುಡುಗನಾಗಿ ಪಟ್ಟಕ್ಕೆ ಬಂದವರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ರಾಜ್ಯ ಆಳುವ ಕೆಲಸ ಹೋದ ಅರಸರು 1868ರಲ್ಲಿ ತೀರಿಕೊಳ್ಳುವವರೆಗೂ ಕವಿಗಳು, ಸಂಗೀತಗಾರರು, ಚಿತ್ರಗಾರರ ನಡುವೆ ಕಾಲ ಕಳೆದರು. ಆಡಳಿತ ಕೈಯಲ್ಲೇ ಉಳಿದಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂಬ ಸಂಶಯ ನನಗಿದೆ.

ಶ್ರೀತತ್ತ್ವನಿಧಿಯಲ್ಲಿ ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಎಂದು ಮೊದಲ್ಗೊಂಡು ಒಂಬತ್ತು ಭಾಗಗಳು. ಕೊನೆಯ ಕೌತುಕನಿಧಿ ಹೆಸರಿಗೆ ತಕ್ಕಂತಿದೆ. ಅದರಲ್ಲಿ 122 ಯೋಗಾಸನಗಳ ಚಿತ್ರಗಳಿದ್ದು, ಯೋಗದ ಇತಿಹಾಸ ಬರೆಯುವವರು ಇಂದಿಗೂ ಅದನ್ನು ಹುಡುಕಿಕೊಂಡು ಬರುತ್ತಾರೆ. ಇದೇ ಅರಸರ ಕಾಲದಲ್ಲಿ, 1861ರಲ್ಲಿ, ಕಟ್ಟಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ದಸರಾ ಮೆರವಣಿಗೆಯಿದೆ, ಒಡೆಯರ ವಂಶಾವಳಿಯಿದೆ. ಅದನ್ನು ಬರೆದ ಹೆಚ್ಚಿನವರ ಹೆಸರು ನಮಗೆ ಉಳಿದಿಲ್ಲ. ಅರಸರ ಹೆಸರು ಮಾತ್ರ ಎಲ್ಲೆಡೆ ಇದೆ.

ಆಮೇಲೆ ಇಳಿಗಾಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಹಾಕಿದ ಮೇಲೆ ಲಕ್ಷ್ಮಿ, ಸರಸ್ವತಿಯರು ಅಗ್ಗದ ಕಾಗದದ ಮೇಲೆ ಮನೆಮನೆಗೆ ಬಂದರು. ಅದೇ ರವಿವರ್ಮ ತಮ್ಮ ಕೊನೆಯ ವರ್ಷಗಳಲ್ಲಿ ಮೈಸೂರು ಅರಮನೆಗೂ ತೈಲಚಿತ್ರ ಬರೆದುಕೊಟ್ಟರು. ನೆರಳು ಬೆಳಕಿನ, ಮೈತುಂಬಿದ ಆ ದೇವತೆಗಳ ಮುಂದೆ ಗೆರೆಯ ದೇವತೆಗಳು ಹಳೆಯ ಕಾಲದವರಂತೆ ಕಂಡರು. ಆಸ್ಥಾನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರೇ 1909ರಲ್ಲಿ ಅಂದಿನ ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾದರು. ಅವರು ಗಳಿಸಿದ್ದು ಬೇರೆಯೇ ಎತ್ತರ, ಆದರೆ ಮನೆತನದ ಕೆಲಸ ಹಿಂದೆ ಉಳಿಯಿತು.

ಮರೆಯಾಗುತ್ತಿದ್ದುದನ್ನು ಮತ್ತೆ ಹುಡುಕಿ ತೆಗೆದವರಲ್ಲಿ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾಯರ ಹೆಸರು ಮುಖ್ಯ. ಹಳೆಯ ಚಿತ್ರಗಳು ಅಲ್ಲಿ ಒಂದೆಡೆ ಸೇರಿದ್ದರಿಂದ ಹೊಸಬರಿಗೆ ನೋಡಿ ಕಲಿಯಲು ಮಾದರಿ ಸಿಕ್ಕಿತು. ಮೈಸೂರು ಚಿತ್ರಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಈಗ ಇದೆ.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿದೆ. ಒಂದು ಕಾಲಕ್ಕೆ ತಂದೆಯಿಂದ ಮಗನಿಗೆ ಇಳಿಯುತ್ತಿದ್ದ ವಿದ್ಯೆಯನ್ನು ಈಗ ದೊಡ್ಡ ಸಂಖ್ಯೆಯಲ್ಲಿ ಕಲಿತು ನಡೆಸುತ್ತಿರುವವರು ಹೆಂಗಸರು. ಮಕ್ಕಳು ಶಾಲೆಗೆ ಹೋದ ಮೇಲೆ ಊಟದ ಮೇಜೇ ಚಿತ್ರಶಾಲೆ. ಬೆಳಕು ಚೆನ್ನಾಗಿರುವ ಹೊತ್ತಿಗೆ ಮುಖ ಮತ್ತು ಕೈಬೆರಳು, ಸಂಜೆಯ ಮಂದ ಬೆಳಕಿಗೆ ಹಿನ್ನೆಲೆ, ಮನೆಯವರೆಲ್ಲ ಮಲಗಿದ ಮೇಲೆ ಚಿನ್ನ. ಗೃಹಪ್ರವೇಶ, ಮದುವೆ, ಪರದೇಶಕ್ಕೆ ಹೊರಟ ಮಗಳಿಗೆ ಉಡುಗೊರೆ, ಬೇಡಿಕೆಯ ಬಹುಪಾಲು ಇವೇ. ಗಜಲಕ್ಷ್ಮಿ, ಸರಸ್ವತಿ, ಪಟ್ಟಾಭಿಷೇಕಗಳಿಗೆ ಬಿಡುವಿಲ್ಲ. ಸಮುದ್ರಮಥನ ಬರೆದುಕೊಡಿ ಎಂದು ಕೇಳುವವರು ಅಪರೂಪ. ಅಂಥ ಗಿರಾಕಿ ಬಂದರೆ ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟಾದರೂ ಒಪ್ಪಿಕೊಳ್ಳಬೇಕೆನಿಸುವುದು ಸಹಜ. ವರ್ಷವಿಡೀ ಒಂದೇ ಸರಸ್ವತಿಯನ್ನು ಬರೆದ ಕೈಗೆ ವಾಸುಕಿಯನ್ನು ಎಳೆಯುವ ಅಷ್ಟು ಮಂದಿ ಅಸುರರು ಸಿಗುತ್ತಾರಲ್ಲ.

ಬಣ್ಣ ತುಂಬಿದ ಕಿಟ್ಟು, ಟ್ಯೂಬಿನಿಂದ ಹಿಂಡುವ ರೆಡಿಮೇಡ್ ಲೇಪ, ಒಂದೇ ದಿನದ ಕಾರ್ಯಾಗಾರ ಇವೂ ಬಂದಿವೆ. ಹವ್ಯಾಸಕ್ಕೆ ತಕರಾರಿಲ್ಲ. ಆದರೆ ಅದನ್ನೇ ಚೌಕಟ್ಟು ಹಾಕಿಸಿ ಅಸಲಿಯ ಬೆಲೆಗೆ ಮಾರಿದಾಗ ಕಷ್ಟ. ಕೊಳ್ಳುವವರಿಗೆ ಎರಡು ಮಾತು: ಚಿತ್ರವನ್ನು ನೇರ ನೋಡಬೇಡಿ, ಕಿಟಕಿಯ ಬಳಿ ಒಯ್ದು ಓರೆಯಾಗಿ ಹಿಡಿದು ನೋಡಿ. ಉಬ್ಬು ತೆಳುವಾಗಿ, ಒಂದೊಂದು ಚುಕ್ಕಿಯೂ ಬಿಡಿಬಿಡಿಯಾಗಿ ಕಂಡರೆ ಕೈ ಒಳ್ಳೆಯದು. ಮತ್ತೆ, ಚಿನ್ನದ ಬಣ್ಣದ ತಾಮ್ರಮಿಶ್ರ ರೇಕು ಕೊಂಡ ದಿನ ಅಸಲಿಯಷ್ಟೇ ಹೊಳೆಯುತ್ತದೆ, ವರ್ಷಗಳು ಉರುಳಿದಂತೆ ಕಪ್ಪಾಗುತ್ತದೆ. ಆದ್ದರಿಂದ ರೇಕು ಯಾವುದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಕಣ್ಣು ಪಳಗಿಸಿಕೊಳ್ಳಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಯೂ ಬೆಂಗಳೂರಿನ ಚಿತ್ರಕಲಾ ಪರಿಷತ್ತೂ ಇವೆ. ತುಮಕೂರಿನಿಂದ ಶಿರಾ ಕಡೆಗೆ ಹೋಗುವವರು ದಾರಿಯಲ್ಲಿ ಸೀಬಿಯ ನರಸಿಂಹ ದೇವಸ್ಥಾನಕ್ಕೆ ಇಳಿಯಬಹುದು. ಮುಖಮಂಟಪದ ಚಾವಣಿಯ ಭಿತ್ತಿಚಿತ್ರಗಳು ಹಳೆಯ ಮೈಸೂರಿನ ಕೈ. ಅಲ್ಲಿ ಚಿನ್ನದ ರೇಕಿನ ಆಕರ್ಷಣೆಯಿಲ್ಲ, ಗೆರೆ ಮತ್ತು ಬಣ್ಣದ್ದೇ ಕಾರುಬಾರು. ಕುತ್ತಿಗೆ ನೋಯುವುದು ಖಂಡಿತ, ಒಂದು ಟಾರ್ಚು ಜೊತೆಗಿರಲಿ.