ಗೇರ್ ಬಾಕ್ಸ್ ಕಾಯದಂತೆ ನೋಡಿಕೊಳ್ಳಿ

ಕೊಯ್ದ ಕಾಫಿ ಹಣ್ಣನ್ನು ಅಂದೇ ಪಲ್ಪ್ ಮಾಡದಿದ್ದರೆ ಗುಣ ಕೆಡುತ್ತದೆ. ಸುಲಿಯಲು ರಾಶಿ ಹಾಕಿದ ಹಸಿ ಅಡಿಕೆಯೂ ಹೆಚ್ಚು ದಿನ ತಡೆಯದು. ಆ ಹೊತ್ತಿನಲ್ಲಿ ಗೇರ್ ಬಾಕ್ಸ್ ಕೈಕೊಟ್ಟರೆ ನಷ್ಟ ನಮಗೇ. ಆದುದರಿಂದ ಬೆಳೆಗಾರ ಬಾಂಧವರಲ್ಲಿ ಈ ನಾಲ್ಕು ಮಾತು.

ನಮ್ಮ ಕೆಲವು ಯಂತ್ರಗಳಲ್ಲಿ ಮೋಟಾರಿನ ವೇಗ ತಗ್ಗಿಸಲು ವರ್ಮ್ ಗೇರ್ ಇರುತ್ತದೆ. ಇದರಲ್ಲಿ ಉಕ್ಕಿನ ತಿರುಪು ಕಂಚಿನ ಚಕ್ರದ ಹಲ್ಲುಗಳನ್ನು ಉಜ್ಜುತ್ತಲೇ ತಿರುಗುವುದರಿಂದ ಶಾಖ ಹೆಚ್ಚು. ಎಣ್ಣೆ ಆ ಶಾಖವನ್ನು ಹೀರಿ ಪೆಟ್ಟಿಗೆಯ ಗೋಡೆಗೆ ಮುಟ್ಟಿಸುತ್ತದೆ. ಅಲ್ಲಿಂದ ಅದು ಗಾಳಿಗೆ ಹೋಗುತ್ತದೆ. ಪೆಟ್ಟಿಗೆ ಬಿಸಿಯಾಗುವುದು ಸಹಜ. ನಿತ್ಯಕ್ಕಿಂತ ಹೆಚ್ಚು ಕಾದರೆ ತೊಂದರೆಯ ಸೂಚನೆ.

ಎಣ್ಣೆ ಹೆಚ್ಚು ಸುರಿದಷ್ಟೂ ತಂಪು ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಅದು ಸರಿಯಲ್ಲ. ಮಟ್ಟ ಮೀರಿದ ಎಣ್ಣೆಯನ್ನು ಚಕ್ರವು ಮಜ್ಜಿಗೆಯಂತೆ ಕಡೆದು ನೊರೆಯೆಬ್ಬಿಸುತ್ತದೆ, ಬಿಸಿ ಏರಿಸುತ್ತದೆ. ಕಡಿಮೆಯಾದರೆ ಹಲ್ಲು ಸವೆಯುತ್ತದೆ. ಎಣ್ಣೆಯ ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ರೂಢಿಯ ಲೆಕ್ಕ.

ಕೊಯ್ಲಿಗೆ ಮುನ್ನ ಗಮನಿಸತಕ್ಕದ್ದು:

1. ಯಂತ್ರ ನಿಲ್ಲಿಸಿ, ಎಣ್ಣೆ ಗುರುತಿನ ಮಟ್ಟಕ್ಕೆ ಸರಿಯಾಗಿದೆಯೇ ನೋಡಿ.

2. ಪೆಟ್ಟಿಗೆಗೆ ಮೆತ್ತಿದ ಸಿಪ್ಪೆ, ಕೆಸರು ಒರೆಸಿ. ಅದು ಕಂಬಳಿ ಹೊದಿಸಿದಂತೆ ಶಾಖ ತಡೆಯುತ್ತದೆ.

3. ಬ್ರೀದರ್ ಎಂಬ ಗಾಳಿತೂತು ಕಟ್ಟಿದ್ದರೆ ಬಿಡಿಸಿ. ಇಲ್ಲವಾದರೆ ಒತ್ತಡವೇರಿ ಸೀಲಿನಲ್ಲಿ ಎಣ್ಣೆ ಸೋರುತ್ತದೆ.

4. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ; ಬದಲಿಸಿ.

5. ಕೈಪಿಡಿ ಹೇಳಿದ ಎಣ್ಣೆಯನ್ನೇ ಬಳಸಿ. ಕೆಲವು ವಾಹನದ ಗೇರ್ ಎಣ್ಣೆಗಳಲ್ಲಿರುವ ಗಂಧಕ, ಕಾದಾಗ ಕಂಚನ್ನು ತಿನ್ನುತ್ತದೆ.

ಅರ್ಧ ಗಂಟೆಯ ಈ ಕೆಲಸವನ್ನು ಹಣ್ಣು ಅಂಗಳಕ್ಕೆ ಬರುವ ಮೊದಲೇ ಮುಗಿಸೋಣ.