ಔಷಧ ಚೀಟಿಯನ್ನು ಕೇಳುವ ಮುನ್ನ

“ಸಾಹೇಬ್ರ, ಅವ್ವಗ ಹೋದ ಸಲ ಕೊಟ್ಟಿದ್ದ ಔಷಧನ ಮತ್ತ ಬರದು ಕೊಡ್ರಿ. ಆಕಿಗೆ ಬರಾಕ ಆಗಂಗಿಲ್ರಿ.”

ಚಿಕಿತ್ಸಾಲಯದಲ್ಲಿ ಇಂತಹ ಕೋರಿಕೆ ನಿತ್ಯದ ಮಾತು. ಒಮ್ಮೆ ಇದಕ್ಕೆ ಸುಲಭವಾಗಿ ಒಪ್ಪಿ ನಾನು ತಪ್ಪು ಮಾಡಿದೆ. ಎಪ್ಪತ್ತು ದಾಟಿದ ತಾಯಿಯೊಬ್ಬರಿಗೆ ಒಣಕೆಮ್ಮಿಗೆಂದು ಜ್ಯೇಷ್ಠಮಧು ಪ್ರಧಾನವಾದ ಚೂರ್ಣವನ್ನು ಹದಿನೈದು ದಿನಗಳಿಗೆ ಬರೆದಿದ್ದೆ. ಗುಣ ಕಂಡಿತು. ಮಗ ಅದೇ ಚೀಟಿಯನ್ನು ಹಿಡಿದು ಮತ್ತೆ ಮೂರು ಬಾರಿ ಬಂದರು. ಮೂರು ಬಾರಿಯೂ ತಾಯಿಯನ್ನು ನೋಡದೆ, ಹೊಸ ದಿನಾಂಕ ಹಾಕಿ, ಒಂದೊಂದು ತಿಂಗಳಿಗೆ ಬರೆದುಕೊಟ್ಟೆ. ಈ ನಡುವೆ ಆಕೆಗೆ ರಕ್ತದೊತ್ತಡ ಕಾಣಿಸಿಕೊಂಡು, ಬೇರೆ ವೈದ್ಯರು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಆರಂಭಿಸಿದ್ದರು. ಅದನ್ನು ಮಗ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ತಾಯಿಯನ್ನೇ ಕರೆತಂದಾಗ ಪಾದಗಳು ಬಾತಿದ್ದವು, ಕಾಲುಗಳಲ್ಲಿ ಬಲವಿರಲಿಲ್ಲ, ಮಾತ್ರೆಯ ನಡುವೆಯೂ ರಕ್ತದೊತ್ತಡ ಏರಿತ್ತು.

ಜ್ಯೇಷ್ಠಮಧು ಮನೆಮನೆಯ ಮದ್ದು. ಆದರೆ ಹೆಚ್ಚು ಪ್ರಮಾಣದಲ್ಲಿ ಬಹುಕಾಲ ಸೇವಿಸಿದರೆ ಅದು ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಡುತ್ತದೆ. ರಕ್ತದ ಪೊಟ್ಯಾಸಿಯಂ ಅಂಶವನ್ನು ಇಳಿಸುತ್ತದೆ. ಮೂತ್ರ ಹೆಚ್ಚಿಸುವ ಅನೇಕ ಮಾತ್ರೆಗಳೂ ಪೊಟ್ಯಾಸಿಯಂ ಇಳಿಸುತ್ತವೆ. ಎರಡೂ ಕೂಡಿದಾಗ ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತವೂ ತಪ್ಪಬಹುದು. ಚೂರ್ಣವನ್ನು ನಿಲ್ಲಿಸಿ, ರಕ್ತಪರೀಕ್ಷೆಗೆಂದು ಅಂದೇ ಆಸ್ಪತ್ರೆಗೆ ಕಳುಹಿಸಿದೆ. ಆ ತಾಯಿ ಚೇತರಿಸಿಕೊಂಡರು. “ಬೇರು-ನಾರಿನ ಔಷಧ ಏನು ಮಾಡೀತು?” ಎಂಬ ಮಾತನ್ನು ಅಂದಿನಿಂದ ನಾನು ಸುಮ್ಮನೆ ಕೇಳಿಸಿಕೊಂಡದ್ದಿಲ್ಲ.

ಆಯುರ್ವೇದದ ಚೀಟಿಯು ರೋಗದ ಹೆಸರಿಗೆ ಬರೆದದ್ದಲ್ಲ. ದೋಷ, ಅಗ್ನಿ, ಬಲ, ವಯಸ್ಸು, ಋತು ಇವನ್ನೆಲ್ಲ ನೋಡಿ ಬರೆದದ್ದು. ಬೇಸಿಗೆಯಲ್ಲಿ ಹೊಂದಿದ್ದು ಮಳೆಗಾಲದಲ್ಲಿ ಹೊಂದಬೇಕೆಂದಿಲ್ಲ. ಜೇನಿನೊಡನೆಯೋ ಬಿಸಿನೀರಿನೊಡನೆಯೋ, ಊಟಕ್ಕೆ ಮೊದಲೋ ನಂತರವೋ ಎಂಬುದೂ ಚಿಕಿತ್ಸೆಯ ಭಾಗವೇ. ಚೀಟಿ ನೆರೆಮನೆಗೆ ಹೋದಾಗ ಇವೆಲ್ಲ ಬಿಟ್ಟುಹೋಗಿ ಔಷಧದ ಹೆಸರು ಮಾತ್ರ ಉಳಿಯುತ್ತದೆ.

ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1945ರ ಔಷಧ ನಿಯಮಗಳಂತೆ, ‘ಎಚ್’ ಅನುಸೂಚಿಯ ಅಲೋಪಥಿ ಔಷಧಗಳನ್ನು ಒಂದು ಚೀಟಿಗೆ ಒಮ್ಮೆ ಮಾತ್ರ ಕೊಡಬೇಕು. ವೈದ್ಯರು ಆ ಚೀಟಿಯಲ್ಲೇ ಪುನಃ ಕೊಡಬಹುದೆಂದು ಬರೆದಿದ್ದರೆ ಮಾತು ಬೇರೆ. ಆದ್ದರಿಂದ ಔಷಧ ಅಂಗಡಿಯವರು ಹಳೆಯ ಚೀಟಿಗೆ ಒಲ್ಲೆನೆಂದರೆ ಸಿಟ್ಟಾಗುವುದು ತರವಲ್ಲ. ವತ್ಸನಾಭ, ಭಲ್ಲಾತಕಗಳಂತಹ ವಿಷದ್ರವ್ಯಗಳು ಸೇರಿದ, ಒಳಗೆ ಸೇವಿಸುವ ಆಯುರ್ವೇದ ಔಷಧಗಳ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಇರಬೇಕು. ನಿಯಮವು ಅದನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಕೇಳುತ್ತದೆ. ನಮ್ಮ ಹಳ್ಳಿಯ ಹಿರಿಯರು ಓದುವುದು ಹೇಗೆ?

ರೋಗಿಯು ಬರಲಾಗದಿದ್ದರೆ, ಸಂತೆಗೆ ಹೊರಟವರ ಕೈಯಲ್ಲಿ ಚೀಟಿ ಕಳುಹಿಸದೆ, ಆರೈಕೆ ಮಾಡುತ್ತಿರುವವರೇ ಬರಲಿ. ಮನೆಯಲ್ಲಿರುವ ಎಲ್ಲ ಮಾತ್ರೆ, ಚೂರ್ಣ, ಕಷಾಯಗಳನ್ನು, ಬೇರೆ ವೈದ್ಯರು ಕೊಟ್ಟವನ್ನೂ ಸೇರಿಸಿ, ಒಂದು ಚೀಲದಲ್ಲಿ ತರಲಿ. ಹಸಿವು, ಮಲಮೂತ್ರ, ನಿದ್ರೆ, ಬಾವು, ಹೊಸ ತೊಂದರೆಗಳನ್ನು ಹೇಳಲಿ. “ಎಷ್ಟು ದಿನ? ಯಾವಾಗ ನಿಲ್ಲಿಸಬೇಕು?” ಎಂದು ಕೇಳಲು ಸಂಕೋಚ ಬೇಡ. ರಕ್ತದೊತ್ತಡ, ಮೂರ್ಛೆರೋಗಗಳ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ಅವು ಮುಗಿಯುವ ನಾಲ್ಕೈದು ದಿನ ಮೊದಲೇ ಬರೆದುಕೊಟ್ಟ ವೈದ್ಯರನ್ನು ಕಾಣಬೇಕು.

ಈಗ ನನ್ನ ಪ್ರತಿ ಚೀಟಿಯ ಕೆಳಗೆ, ಇಂತಿಷ್ಟು ದಿನಗಳ ನಂತರ ರೋಗಿಯನ್ನು ನೋಡಿಯೇ ಮುಂದಿನ ಔಷಧ ಎಂದು ಕನ್ನಡದಲ್ಲಿ ಬರೆಯುತ್ತೇನೆ. ನಡೆಯಲಾಗದವರ ಮನೆಗೆ ಸಂಜೆ ನಾನೇ ಹೋಗುತ್ತೇನೆ.