ಸಾಧುಶಬ್ದದ ವಿವಾದ

ಹಾಸನದಿಂದ ಬೇಲೂರಿನ ಹಾದಿ ಹಿಡಿದು ಹೊರಟ ಪ್ರವಾಸಿಗಳಲ್ಲಿ ಬಹುಮಂದಿ ದೊಡ್ಡಗದ್ದವಳ್ಳಿಯ ಕಡೆಗೆ ತಿರುಗದೆ ನೇರವಾಗಿ ಮುಂದಕ್ಕೆ ಸಾಗಿಬಿಡುವುದುಂಟು. ಹಾಗೆ ಸಾಗಿಹೋದವರಿಗೆ ತಪ್ಪಿಹೋಗುವುದು, ವಿಷ್ಣುವರ್ಧನನ ಆಳಿಕೆಯಲ್ಲಿ, 1113-14ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಮಡದಿ ಸಹಜಾದೇವಿಯೂ ಕೆರೆಯ ಬಳಿ ಕಟ್ಟಿಸಿದ, ನಾಲ್ಕು ಗರ್ಭಗೃಹಗಳುಳ್ಳ ಲಕ್ಷ್ಮೀದೇವಿಯ ಗುಡಿಯೊಂದೇ ಅಲ್ಲ. ಶಬ್ದಗಳ ವಿಷಯದಲ್ಲಿ ಕುತೂಹಲವುಳ್ಳವನಿಗೆ ಆ ಊರಿನ ಹೆಸರೂ ಒಂದು ನೋಡತಕ್ಕ ವಸ್ತುವೇ ಆಗಿದೆ. ಹಳಗನ್ನಡದ 'ಪಳ್ಳಿ' ಎಂಬ ಮಾತು ಕಾಲಾನುಕ್ರಮದಲ್ಲಿ 'ಹಳ್ಳಿ'ಯಾಯಿತೆಂಬುದು ಸರ್ವವಿದಿತ. ಆದರೆ ಸಮಾಸದ ಉತ್ತರಪದವಾಗಿ ನಿಂತಾಗ ಅದರ ಆದಿಯ ಪಕಾರವು ವಕಾರವಾಗುವುದೂ ಕನ್ನಡದ ಜಾಯಮಾನವಾದುದರಿಂದ, ಇಲ್ಲಿ ಅದು 'ವಳ್ಳಿ' ಎಂದು ನಿಂತುಬಿಟ್ಟಿತು. ವೈಯಾಕರಣರು ಇದನ್ನು ಆದೇಶಸಂಧಿಯೆಂದು ಕರೆದರು. ಸೂತ್ರವನ್ನು ಎಂದೂ ಕೇಳದ ರೈತನೂ, ಸಂತೆಗೆ ಹೊರಟ ಹೆಣ್ಣುಮಗಳೂ ನೂರಾರು ವರ್ಷ ಆ ಸೂತ್ರವನ್ನು ತಪ್ಪದೆ ಪಾಲಿಸಿಕೊಂಡು ಬಂದಿದ್ದಾರೆ.

ಅದೇ ಜನ ತಮ್ಮ ಜಿಲ್ಲೆಯ ಮುಖ್ಯಪಟ್ಟಣವನ್ನು 'ಆಸ್ನ' ಎಂದರೆ ಮಾತ್ರ ಶಾಲೆಯ ಮೇಷ್ಟರು ತಿದ್ದುತ್ತಾರೆ. ಪಕಾರವು ಹಕಾರವಾದಾಗ ಅದು ಭಾಷೆಯ ಬೆಳವಣಿಗೆಯೆನಿಸಿತು; ಹಕಾರವು ಜಾರಿಹೋದರೆ ಅದು ಅಜ್ಞಾನವೆನಿಸಿತು. ಯಾವುದು ಬೆಳವಣಿಗೆ, ಯಾವುದು ದೋಷ, ಇದನ್ನು ನಿರ್ಣಯಿಸುವವರು ಯಾರು, ಯಾವ ಆಧಾರದ ಮೇಲೆ? ಇಂದು ಪತ್ರಿಕೆಗಳ ವಾಚಕರ ಪತ್ರಗಳಲ್ಲಿ, ಅಧ್ಯಾಪಕರ ಕೊಠಡಿಗಳಲ್ಲಿ, ಮದುವೆಯ ಕರೆಯೋಲೆಯ ಕರಡನ್ನು ತಿದ್ದುವ ಹಿರಿಯರ ನಡುವೆ ನಡೆಯುವ ಸಾಧು-ಅಸಾಧುಶಬ್ದಗಳ ವಾಗ್ವಾದವೆಲ್ಲ ಈ ಪ್ರಶ್ನೆಯನ್ನೇ ಸುತ್ತುತ್ತದೆ. ಮತ್ತು ಅದರ ಪೂರ್ವಕಥೆಯನ್ನು ಅರಸಿ ಹೊರಟವನು ಹೊಯ್ಸಳರ ಕಾಲಕ್ಕೇ ಮರಳಬೇಕಾಗುತ್ತದೆ.

ಗದ್ದವಳ್ಳಿಯ ಗುಡಿ ಎದ್ದು ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ, 1260ರ ಆಸುಪಾಸಿನಲ್ಲಿ, ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ರಚಿಸಿದನು. ಅವನ ತಂದೆ ಮಲ್ಲಿಕಾರ್ಜುನನು 'ಸೂಕ್ತಿಸುಧಾರ್ಣವ'ದ ಸಂಕಲನಕಾರ. ಸೋದರಮಾವನು 'ಯಶೋಧರ ಚರಿತೆ'ಯ ಜನ್ನ. ತಾಯಿಯ ತಂದೆಯೂ ಕವಿಯೇ. ಇಂತಹ ಮನೆಯಲ್ಲಿ ಬೆಳೆದವನಿಗೆ ಕಾವ್ಯವೆಂಬುದು ಮೊದಲು ಕಿವಿಗೆ ಬಿದ್ದು, ಆಮೇಲೆ ಓಲೆಯಲ್ಲಿ ಕಂಡಿರಬೇಕು. ಅವನಿಗಿಂತ ಮೊದಲು ನಾಗವರ್ಮನು ಸಂಸ್ಕೃತ ಸೂತ್ರಗಳಲ್ಲಿ 'ಕರ್ಣಾಟಕ ಭಾಷಾಭೂಷಣ'ವನ್ನು ಬರೆದಿದ್ದನು. ಕೇಶಿರಾಜನು ಕನ್ನಡದ ವ್ಯಾಕರಣವನ್ನು ಕನ್ನಡದ ಕಂದಪದ್ಯಗಳಲ್ಲಿಯೇ ಹೇಳಿದನು. ಅದಕ್ಕೂ ಮಿಗಿಲಾಗಿ, ಗ್ರಂಥದ ಆರಂಭದಲ್ಲಿಯೇ ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದ ಪೂರ್ವಕವಿಗಳನ್ನು ಹೆಸರಿಸಿ, ತನ್ನ ಲಕ್ಷಣಕ್ಕೆ ಅವರ ಮಾರ್ಗವೇ ಲಕ್ಷ್ಯವೆಂದು ಸಾರಿದನು. ಅರ್ಥಾತ್, ಸೂತ್ರಕ್ಕೆ ಪ್ರಮಾಣ ಸೂತ್ರಕಾರನಲ್ಲ, ಬಲ್ಲವರ ಪ್ರಯೋಗ. ನನ್ನ ದೃಷ್ಟಿಯಲ್ಲಿ ಕನ್ನಡದ ಶಬ್ದವಿವಾದಗಳ ನ್ಯಾಯಶಾಸ್ತ್ರವೆಲ್ಲ ಈ ಒಂದು ಸಂಕಲ್ಪದಿಂದಲೇ ಹೊರಟಿದೆ.

ಆದರೆ ಪ್ರಯೋಗವೇ ಪ್ರಮಾಣವೆಂದ ಮಾತ್ರಕ್ಕೆ ಕಲಹ ಮುಗಿಯುವುದಿಲ್ಲ. ಎಂದಿನ ಪ್ರಯೋಗ, ಯಾರ ಪ್ರಯೋಗ ಎಂಬ ಕಲಹ ಅಲ್ಲಿಂದಲೇ ಮೊದಲಾಗುತ್ತದೆ. ಕೇಶಿರಾಜನ ಹೊತ್ತಿಗೆ 'ೞ' ಎಂಬ ಅಕ್ಷರದ ಉಚ್ಚಾರಣೆ ಜನರ ನಾಲಗೆಯಿಂದ ಮಾಯವಾಗುತ್ತ ಬಂದಿತ್ತು. 'ಬಾೞ್' ಎಂಬುದು 'ಬಾಳ್' ಆಗಿ, 'ಪೞೆಯ' ಎಂಬುದು 'ಹಳೆಯ' ಆಗಿ, ಎರಡು ಭಿನ್ನ ಧ್ವನಿಗಳು ಒಂದರಲ್ಲೊಂದು ಕರಗಿದ್ದವು. ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸನಿಯಮವನ್ನು ಉಸಿರಿನಂತೆ ಪಾಲಿಸುತ್ತಿದ್ದ ಕವಿಕುಲಕ್ಕೆ ಇದು ಸಣ್ಣ ವಿಷಯವಾಗಿರಲಿಲ್ಲ: ಕಿವಿಗೆ ಒಂದೇ ಆಗಿ ಕೇಳಿಸುವ ಎರಡು ಶಬ್ದಗಳನ್ನು ಪ್ರಾಸಸ್ಥಾನದಲ್ಲಿ ಜೊತೆಗೂಡಿಸಿದರೆ, ಹಳೆಯ ಓಲೆಗಳನ್ನು ಬಲ್ಲ ವಿದ್ವಾಂಸನು ಅದನ್ನು ದೋಷವೆಂದು ಎತ್ತಿ ತೋರಿಸಬಹುದಾಗಿತ್ತು. ಆದುದರಿಂದ ಕೇಶಿರಾಜನು ಯಾವ ಯಾವ ಶಬ್ದಗಳಲ್ಲಿ ೞಕಾರವಿರಬೇಕೆಂಬುದನ್ನು ಪಟ್ಟಿಮಾಡಿ ಕೊಟ್ಟನು. ಮಾತಿನಿಂದ ಕಲಿಯಬಹುದಾದುದಕ್ಕೆ ಪಟ್ಟಿ ಬೇಕಿಲ್ಲ. ಪಟ್ಟಿ ಬೇಕಾಯಿತೆಂಬುದೇ ಆ ಧ್ವನಿ ನಾಲಗೆಯನ್ನು ಬಿಟ್ಟಿತ್ತೆಂಬುದಕ್ಕೆ ಸಾಕ್ಷಿ. ಅಕ್ಷರವನ್ನು ಅವನಿಂದ ಉಳಿಸಲಾಗಲಿಲ್ಲ, ಯಾವ ವೈಯಾಕರಣನಿಂದಲೂ ಉಳಿಸಲಾಗುತ್ತಿರಲಿಲ್ಲ. ಆದರೆ ಹಳೆಯ ಕಾವ್ಯಗಳ ಪಾಠವನ್ನು ಪರಿಷ್ಕರಿಸಹೊರಟ ಮುಂದಿನವರಿಗೆ ಆ ಪಟ್ಟಿ ಅಮೂಲ್ಯವಾದ ಆಧಾರವಾಯಿತು.

ಅರಿಸಮಾಸದ ಪ್ರಕರಣ ಇನ್ನೂ ರೋಚಕವಾದುದು. ಸಂಸ್ಕೃತದ ಪದವನ್ನೂ ಕನ್ನಡದ ಪದವನ್ನೂ ಕೂಡಿಸಿ ಸಮಾಸ ಮಾಡಬಾರದು, ಮಾಡಿದರೆ ಅವೆರಡೂ ಪರಸ್ಪರ ವೈರಿಗಳಂತೆ ಕೂಡಿಕೊಂಡಿರುತ್ತವೆ ಎಂಬುದು ನಿಯಮ. ನಿಯಮವನ್ನು ಹೇಳಿದ ಕೇಶಿರಾಜನೇ ಅದಕ್ಕೆ ಅಪವಾದವನ್ನೂ ಹೇಳುತ್ತಾನೆ: ಬಿರುದಾವಳಿಗಳಲ್ಲಿ ಅದು ಸಲ್ಲುತ್ತದೆ, ಪೂರ್ವಕವಿಗಳು ಪ್ರಯೋಗಿಸಿದ ಕಡೆಯಲ್ಲಿಯೂ ಸಲ್ಲುತ್ತದೆ. ಅಪವಾದಕ್ಕೆ ಹೀಗೆ ಎಡೆಗೊಟ್ಟುದನ್ನು ದೌರ್ಬಲ್ಯವೆಂದು ನಾನು ಎಣಿಸಲಾರೆ. ಪಂಪನ ಕೈಯಲ್ಲಿ ಚೆಲುವಾಗಿ ಕೂಡಿದುದನ್ನು ಕೂಡದೆಂದು ಹೇಳುವ ಧಾರ್ಷ್ಟ್ಯ ಅವನಿಗಿರಲಿಲ್ಲ. ಅದು ವಿನಯ, ಮತ್ತು ಆ ವಿನಯವೇ ಅವನ ಶಾಸ್ತ್ರದ ಬಲ. ಇಂದು 'ದಿನಗೂಲಿ' ಎಂದು ಆಡುವಾಗ ಅಲ್ಲೊಂದು ವೈರವಿದೆಯೆಂಬ ಅರಿವು ಯಾರಿಗಾದರೂ ಇದೆಯೆ?

ಮುಂದಿನ ಶತಮಾನಗಳನ್ನು ಬೇಗನೆ ದಾಟಿಬಿಡಬಹುದು. 1604ರಲ್ಲಿ ಭಟ್ಟಾಕಳಂಕನು 'ಕರ್ಣಾಟಕ ಶಬ್ದಾನುಶಾಸನ'ವನ್ನು ರಚಿಸಿ ಕನ್ನಡದ ಗೌರವವನ್ನು ಸಂಸ್ಕೃತ ವಿದ್ವಾಂಸರ ಮುಂದೆ ಸ್ಥಾಪಿಸಿದನು. ಆಮೇಲೆ ಬಂದವರು ಪಾದ್ರಿಗಳೂ ಅಧಿಕಾರಿಗಳೂ. ಓಲೆಗರಿಗಳಲ್ಲಿದ್ದ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಮಂಗಳೂರಿನಲ್ಲಿ ಪರಿಷ್ಕರಿಸಿ ಅಚ್ಚುಮಾಡಿಸಿದವರು ಕಿಟ್ಟೆಲ್. ಹಾಸನ ಸೀಮೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟವಾಗಿ 1902ರಲ್ಲಿ ಹೊರತಂದವರು ರೈಸ್. ಇದರಿಂದಾದ ಉಪಕಾರ ಸಾಮಾನ್ಯವಾದುದಲ್ಲ. ಹಿಂದೆ ಒಂದು ಶಬ್ದದ ಪರವಾಗಿ ವಾದಿಸುವವನು ತನಗೆ ಬಾಯಿಪಾಠವಾಗಿದ್ದ ಪದ್ಯವನ್ನು ನೆಚ್ಚಬೇಕಾಗಿತ್ತು; ಈಗ ಕಲ್ಲಿನ ಮೇಲಿನ ಬರಹವೂ ಅಚ್ಚಿನ ಪುಟವಾಗಿ ಮೇಜಿನ ಮೇಲೆ ಬಂದು, ಎದುರಾಳಿಯೂ ಅದನ್ನೇ ತೆರೆದು ನೋಡಬಲ್ಲವನಾದನು. 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದಾಗ, ಅದರ ಕಾಲವನ್ನೂ ಒಂದೊಂದು ಪದದ ಅನ್ವಯವನ್ನೂ ಕುರಿತು ವಿದ್ವಾಂಸರಲ್ಲಿ ಎದ್ದ ಚರ್ಚೆ ಇಂದಿಗೂ ಪೂರ್ತಿಯಾಗಿ ಶಮನಗೊಂಡಿಲ್ಲ.

ಇಷ್ಟರಲ್ಲಿ ಇಂಗ್ಲಿಷ್ ಶಾಲೆಗಳು ಬಂದವು. ಅವುಗಳೊಡನೆ ಇಂಗ್ಲಿಷ್ ವ್ಯಾಕರಣದ ವಾದಗಳೂ ಬಂದವು. ನೆಸ್‌ಫೀಲ್ಡನ ಪುಸ್ತಕವನ್ನೂ, ಅನಂತರ ರೆನ್ ಮತ್ತು ಮಾರ್ಟಿನರ ಪುಸ್ತಕವನ್ನೂ ಉರುಹೊಡೆದ ತಲೆಮಾರುಗಳು ನಮ್ಮ ತಾಲ್ಲೂಕು ಕೇಂದ್ರಗಳ ಹೈಸ್ಕೂಲುಗಳಿಂದ ಹೊರಬಿದ್ದವು. ಆ ಪುಸ್ತಕಗಳ ವಿಧಿನಿಷೇಧಗಳು ವೇದವಾಕ್ಯಗಳೆಂದು ನಂಬಿದ ಹಾಸನದ ಹುಡುಗನಿಗೆ, ಸ್ವಯಂ ಇಂಗ್ಲೆಂಡಿನಲ್ಲಿಯೇ ಅವುಗಳ ಮೇಲೆ ಜಗಳವಿತ್ತೆಂಬುದು ತಿಳಿಯುವ ಬಗೆಯಿರಲಿಲ್ಲ. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಕೂಡದೆಂಬ ನಿಯಮವನ್ನೇ ನೋಡಿ: ಹದಿನೇಳನೆಯ ಶತಮಾನದ ಕವಿ ಡ್ರೈಡನ್ ಅದನ್ನು ತಪ್ಪೆಂದು ಎತ್ತಿದನು, 1762ರಲ್ಲಿ ವ್ಯಾಕರಣ ಬರೆದ ಬಿಷಪ್ ಲೌತ್ ಗಂಭೀರವಾದ ಶೈಲಿಗೆ ಅದು ಒಪ್ಪುವುದಿಲ್ಲವೆಂದನು, 1926ರಲ್ಲಿ ಪ್ರಯೋಗಕೋಶವನ್ನು ಹೊರತಂದ ಫೌಲರ್ ಅದನ್ನು ಮೂಢನಂಬಿಕೆಗಳ ಸಾಲಿಗೆ ಸೇರಿಸಿದನು. ಲ್ಯಾಟಿನ್ನಿನ ಅಚ್ಚಿನಲ್ಲಿ ಇಂಗ್ಲಿಷನ್ನು ಎರಕಹೊಯ್ಯಲು ಹೊರಟುದೇ ಇಂತಹ ಬಹುತೇಕ ನಿಯಮಗಳ ಮೂಲ.

ಇದನ್ನು ಓದುವ ಕನ್ನಡಿಗನಿಗೆ ತನ್ನ ಮನೆಯ ಕಥೆಯನ್ನೇ ಕೇಳಿದಂತಾಗುವುದು ಸಹಜ. ಶಾಲೆಯಲ್ಲಿ ನಾವೆಲ್ಲರೂ ಸಪ್ತವಿಭಕ್ತಿಗಳನ್ನು ಒಪ್ಪಿಸಿದವರೇ; ತೃತೀಯೆಗೆ 'ಇಂದ', ಪಂಚಮಿಗೆ 'ದೆಸೆಯಿಂದ' ಎಂದು ಹೇಳಿ ಮುಂದಕ್ಕೆ ಹೋದವರೇ. 'ಮರದ ದೆಸೆಯಿಂದ ಹಣ್ಣು ಬಿದ್ದಿತು' ಎಂದು ಅರಕಲಗೂಡಿನಲ್ಲಾಗಲಿ ಹೊಳೆನರಸೀಪುರದಲ್ಲಾಗಲಿ ಯಾವ ತಾಯಿಯೂ ಮಗುವಿಗೆ ಹೇಳಿದುದಿಲ್ಲ. ಅವಳಿಗೆ ಹಣ್ಣು ಮರದಿಂದಲೇ ಬೀಳುತ್ತದೆ, ಕತ್ತಿಯಿಂದಲೇ ಹೆಚ್ಚಲ್ಪಡುತ್ತದೆ. ಸಂಸ್ಕೃತದಲ್ಲಿ ಪಂಚಮಿಯುಂಟು, ಆದಕಾರಣ ಕನ್ನಡದಲ್ಲಿಯೂ ಇರಲೇಬೇಕು ಎಂಬ ತರ್ಕದಿಂದ ಹುಟ್ಟಿದ ವಿಭಕ್ತಿ ಅದು. ಕೇಶಿರಾಜನೂ 'ಅತ್ತಣಿಂ' ಎಂಬುದನ್ನು ತಂದು ಆ ಸ್ಥಾನವನ್ನು ತುಂಬಿದನು. ಪ್ರಯೋಗವನ್ನು ಅಷ್ಟು ಗೌರವಿಸಿದವನೂ ಈ ಒಂದು ಕಡೆಯಲ್ಲಿ ಪರಭಾಷೆಯ ಚೌಕಟ್ಟಿಗೆ ಮಣಿದನೆಂದು ಹೇಳಬೇಕಾಗಿ ಬಂದುದಕ್ಕೆ ನನಗೆ ವ್ಯಥೆಯಿದೆ.

ನಮ್ಮವರ ಇಂಗ್ಲಿಷಿನ ಮೇಲೂ ಆಕ್ಷೇಪಗಳಿಗೆ ಕೊರತೆಯಿಲ್ಲ. 'ಕಸಿನ್ ಬ್ರದರ್' ಎಂದರೆ ತಪ್ಪು, ಬರಿಯ 'ಕಸಿನ್' ಸಾಕು ಎಂದು ತಿದ್ದುವವರು ಎಲ್ಲೆಡೆಯಲ್ಲಿಯೂ ಇದ್ದಾರೆ. ಆದರೆ ಚಿಕ್ಕಪ್ಪನ ಮಗನನ್ನು ಅಣ್ಣನೆಂದೂ, ಸೋದರಮಾವನ ಮಗನನ್ನು ಭಾವನೆಂದೂ ಕರೆಯುವ ಸಮಾಜದಲ್ಲಿ, ಗಂಡೋ ಹೆಣ್ಣೋ ಎಂಬುದನ್ನು ಸಹ ತಿಳಿಸದ ಆ ಒಂಟಿ ಶಬ್ದ ಸಾಕೆನಿಸುವುದಾದರೂ ಹೇಗೆ? ಅವಶ್ಯಕತೆಯೇ ಆ ಜೋಡುಪದವನ್ನು ಹುಟ್ಟಿಸಿತು. ಈ ಅವಶ್ಯಕತೆಯನ್ನು ಸಾಹಿತ್ಯದ ಎತ್ತರದಲ್ಲಿ ನಿಂತು ಸಮರ್ಥಿಸಿದವನು ಹಾಸನದಲ್ಲಿಯೇ 1908ರಲ್ಲಿ ಹುಟ್ಟಿದ ರಾಜಾರಾವ್. 1938ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 'ಕಾಂತಾಪುರ'ದ ಮುನ್ನುಡಿಯಲ್ಲಿ, ತನ್ನದಲ್ಲದ ಭಾಷೆಯಲ್ಲಿ ತನ್ನದೇ ಆದ ಚೈತನ್ಯವನ್ನು ನುಡಿಸಬೇಕಾದ ಕಷ್ಟವನ್ನು ಆತ ವಿವರಿಸಿದ್ದಾನೆ. ಕಾದಂಬರಿಯಲ್ಲಿಯೋ, ಜಗುಲಿಯ ಮೇಲೆ ಕುಳಿತು ಕಥೆ ಹೇಳುವ ಅಜ್ಜಿಯ ಬಾಯಲ್ಲಿ ಇಂಗ್ಲಿಷ್ ವಾಕ್ಯವು ಕನ್ನಡದ ಉಸಿರಿಗೆ ಹೊಂದಿಕೊಂಡು, ಕೊಂಡಿಗೆ ಕೊಂಡಿ ಸೇರುತ್ತ ನಿಲ್ಲದೆ ಹರಿಯುತ್ತದೆ. ರೆನ್ ಮತ್ತು ಮಾರ್ಟಿನರ ಶಿಷ್ಯನು ಅಂತಹ ವಾಕ್ಯಗಳ ಕೆಳಗೆ ಕೆಂಪುಗೆರೆ ಎಳೆದಾನು. ಆದರೆ ಜಗತ್ತು ಅದನ್ನು ಒಂದು ಹೊಸ ಇಂಗ್ಲಿಷಿನ ಲಕ್ಷ್ಯವೆಂದು ಸ್ವೀಕರಿಸಿತು.

ಕನ್ನಡದ ಒಳಗೆ ವಿವಾದಕ್ಕೆ ಸಾರ್ವಜನಿಕ ವೇದಿಕೆ ದೊರೆತುದು ಇಪ್ಪತ್ತನೆಯ ಶತಮಾನದಲ್ಲಿ. 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತಿನ ಮುಂದೆ, ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆಗಳ ಭಾಷಾಭೇದಗಳನ್ನು ಹೇಗೆ ಹೊಂದಿಸಬೇಕೆಂಬ ಸಮಸ್ಯೆ ಆರಂಭದಿಂದಲೂ ಇತ್ತು. ಹುಬ್ಬಳ್ಳಿಯ 'ಕಸ್ತೂರಿ' ಮಾಸಪತ್ರಿಕೆಯಲ್ಲಿ ಪಾ. ವೆಂ. ಆಚಾರ್ಯರು 'ಪದಾರ್ಥ ಚಿಂತಾಮಣಿ'ಯ ಮೂಲಕ ಶಬ್ದಗಳ ಕುಲಗೋತ್ರಗಳನ್ನು ಮನೆಮಂದಿಗೆಲ್ಲ ಅರ್ಥವಾಗುವಂತೆ ಬಿಡಿಸಿ ಹೇಳಿದರು. ಆಮೇಲೆ, 1991ರಲ್ಲಿ, ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಎಂಬ ಅಂಕಣವನ್ನು ಆರಂಭಿಸಿದರು.

ಈ ಅಂಕಣದ ಮಹತ್ತ್ವವನ್ನು ಎಷ್ಟು ಹೇಳಿದರೂ ಕಡಮೆಯೇ. 1913ರಲ್ಲಿ ಹುಟ್ಟಿ 2021ರ ಏಪ್ರಿಲಿನವರೆಗೆ, ನೂರೇಳು ವರ್ಷಗಳ ತುಂಬು ಬಾಳನ್ನು ಬಾಳಿದ ಜಿ. ವಿ. ಅವರು, ಎಂಟು ಸಂಪುಟಗಳಲ್ಲಿ 1995ರಲ್ಲಿ ಪೂರ್ಣಗೊಂಡ ಪರಿಷತ್ತಿನ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದವರು. ಒಂದೊಂದು ಶಬ್ದಕ್ಕೂ ಶಾಸನದಿಂದಲೂ ಕಾವ್ಯದಿಂದಲೂ ಪ್ರಯೋಗಗಳನ್ನು ಹೆಕ್ಕಿ, ಕಾಲಕ್ರಮದಲ್ಲಿ ಜೋಡಿಸುವ ಆ ಮಹಾಕಾರ್ಯ ಕೇಶಿರಾಜನ ಪದ್ಧತಿಯ ವಿಸ್ತಾರವೇ ಆಗಿತ್ತು. ಅಂತಹ ವಿದ್ವತ್ತನ್ನು ಅವರು ಓದುಗರ ಅಂಚೆ ಕಾಗದಗಳ ಸೇವೆಗೆ ಒಪ್ಪಿಸಿದರು. ಯಾವುದೋ ಊರಿನ ಗುಮಾಸ್ತನೋ, ಗೃಹಿಣಿಯೋ, ಕಾಲೇಜಿನ ವಿದ್ಯಾರ್ಥಿಯೋ ಒಂದು ಶಬ್ದದ ರೂಪವನ್ನು ಕುರಿತು ಕೇಳಿದರೆ, ವಾರದ ಪುಟದಲ್ಲಿ ಅದಕ್ಕೆ ಉತ್ತರ ಬರುತ್ತಿತ್ತು. ಮೂಲವೇನು, ನಿಯಮವೇನು, ಜನ ಹೇಗೆ ಬಳಸಿದ್ದಾರೆ ಎಂಬುದರ ವಿವರಣೆಯೊಡನೆ ಬರುತ್ತಿತ್ತು. ಪ್ರಶ್ನೆ ಕೇಳಿದವನು ಅಜ್ಞನೆಂಬ ಭಾವ ಅವರಲ್ಲಿರಲಿಲ್ಲ. ರಾಜಾಸ್ಥಾನದಲ್ಲಿ ಕವಿಗಳು ನಡೆಸುತ್ತಿದ್ದ ವಾದಕ್ಕೆ ಹೀಗೆ ಓದುಬರಹ ಬಲ್ಲ ಪ್ರತಿಯೊಬ್ಬನೂ ಪ್ರವೇಶ ಪಡೆದನು.

ಇತ್ತೀಚಿನ ದೊಡ್ಡ ವಿವಾದವೆಂದರೆ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಎತ್ತಿದುದು. ಕನ್ನಡಕ್ಕೆ ಕನ್ನಡದ್ದೇ ಆದ ವ್ಯಾಕರಣ ಬೇಕೆಂದೂ, ನಾಲಗೆಯಲ್ಲಿಲ್ಲದ ಮಹಾಪ್ರಾಣಾಕ್ಷರಗಳನ್ನು ಬರಹದಿಂದ ಕೈಬಿಡಬಹುದೆಂದೂ ಅವರು ಪ್ರತಿಪಾದಿಸಿದಾಗ ಒಪ್ಪಿದವರೂ ಕೆರಳಿದವರೂ ಸಮವಾಗಿದ್ದರೆನ್ನಬಹುದು. ವ್ಯಾಕರಣದ ವಿಷಯದಲ್ಲಿ ಅವರ ಪಕ್ಷವೇ ಬಲವಾದುದೆಂದು ನನಗೆ ತೋರುತ್ತದೆ. ಪಂಚಮಿಯ ಉದಾಹರಣೆ ಮೇಲೆಯೇ ಇದೆ. ಅಕ್ಷರಗಳ ವಿಷಯದಲ್ಲಿ ಮಾತ್ರ, ೞಕಾರವನ್ನು ಕಳೆದುಕೊಂಡ ಮೇಲೆ ಪಂಪನನ್ನು ಓದಲು ನಾವು ಪಟ್ಟಿಗಳನ್ನು ಆಶ್ರಯಿಸಬೇಕಾಗಿ ಬಂದುದನ್ನು ನೆನೆದರೆ, ಇನ್ನೊಮ್ಮೆ ಅಂತಹ ವಿಚ್ಛೇದವನ್ನು ಬುದ್ಧಿಪೂರ್ವಕವಾಗಿ ತಂದುಕೊಳ್ಳಲು ಮನಸ್ಸು ಒಡಂಬಡುವುದಿಲ್ಲ.

ದಿನಬಳಕೆಯ ವ್ಯಾಜ್ಯಗಳು ಇದರ ಜೊತೆಯಲ್ಲಿಯೇ ನಡೆದಿವೆ. ಜಾತಿ ಮತ್ತು ಅತೀತ ಎಂಬ ಪದಗಳು ಸೇರಿದರೆ 'ಜಾತ್ಯತೀತ'ವೇ ಆಗಬೇಕು. ಭಾಷಣಗಳಲ್ಲಿ 'ಜಾತ್ಯಾತೀತ' ಎಂಬ ರೂಪ ಕೇಳಿಬರುತ್ತಿದ್ದರೂ, ಎಚ್ಚರದಿಂದ ಬರೆಯುವವರ ಬರಹದಲ್ಲಿ ಸರಿಯಾದ ರೂಪ ಇನ್ನೂ ಗಟ್ಟಿಯಾಗಿ ನಿಂತಿರುವುದರಿಂದ ಅದನ್ನು ಬಿಟ್ಟುಕೊಡಲು ಕಾರಣವಿಲ್ಲ. 'ಮಧ್ಯಂತರ'ದ ಸ್ಥಿತಿ ಬೇರೆ: ಸವರ್ಣದೀರ್ಘಸಂಧಿಯ ಪ್ರಕಾರ 'ಮಧ್ಯಾಂತರ'ವಾಗಬೇಕಾದುದು ನಿಜವಾದರೂ, ಚಿತ್ರಮಂದಿರದ ಪರದೆಯಿಂದ ಚುನಾವಣೆಯ ವರದಿಯವರೆಗೆ ನಾಡೆಲ್ಲ ಹ್ರಸ್ವವನ್ನೇ ಆರಿಸಿಕೊಂಡ ಮೇಲೆ, ಅದನ್ನು ತಿದ್ದಲು ಹೊರಡುವುದು ಮುಗಿದ ಮೊಕದ್ದಮೆಯನ್ನು ಮತ್ತೆ ಹೂಡಿದಂತೆ. ಇನ್ನು 'ದಂಪತಿ'ಯೋ 'ದಂಪತಿಗಳು' ಎಂಬುದೋ? ದ್ವಿವಚನವಿಲ್ಲದ ಕನ್ನಡದಲ್ಲಿ ಇಬ್ಬರಿಗೆ ಬಹುವಚನವೇ ಸಲ್ಲಬೇಕೆಂದು ಒಂದು ಪಕ್ಷ. ಶಬ್ದದಲ್ಲಿಯೇ ಇಬ್ಬರೂ ಅಡಗಿರುವಾಗ ಇನ್ನೊಂದು 'ಗಳು' ಏಕೆಂದು ಮತ್ತೊಂದು ಪಕ್ಷ. ಪತ್ರಿಕೆಗಳು ಎರಡನೆಯದರತ್ತ ವಾಲಿವೆ, ಲಗ್ನಪತ್ರಿಕೆಗಳು ಮೊದಲನೆಯದನ್ನು ಬಿಟ್ಟಿಲ್ಲ. ಈ ಒಂದರಲ್ಲಿ ತೀರ್ಪು ಕೊಡುವಷ್ಟು ಸಾಕ್ಷ್ಯ ನನ್ನ ಬಳಿ ಇನ್ನೂ ಕೂಡಿಲ್ಲ. ಕಣ್ಣಿಗೆ ಬಿದ್ದ ಪ್ರಯೋಗಗಳನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ.